ಕಾಲಡಿಯ ಮರಳು

“ಯಾರ ಕಾಲಿಗೆ ಗಾಯ ಆದದ್ದು ಮಾರಾಯ್ತಿ?” ಎಂದು ಜತ್ತಪ್ಪ ಕೇಳಿದ.

ಆಗಷ್ಟೇ ಸೆಗಣಿ ಸಾರಿಸಿದ ಜಗಲಿ. ಮೆಟ್ಟಿಲಿನಿಂದ ಒಳಬಾಗಿಲವರೆಗೆ ಸಾಲಾಗಿ ರಕ್ತದ ಗುರುತು. ಗೆರಸೆಯಲ್ಲಿ ಅಕ್ಕಿ ಹಿಡಿದುಕೊಂಡು ಬಾಗಿಲಿಗೆ ಬಂದ ದೇವಮ್ಮ ಆ ಗುರುತುಗಳನ್ನು ಒಂದೊಂದಾಗಿ ನೋಡುತ್ತ ಬಂದಳು. ಅವು ಬಂದು ಮುಗಿದದ್ದು ಗಂಡನ ಕಾಲಿನ ಬುಡದಲ್ಲಿ.

“ನಿಮ್ಮದೇ,” ಎಂದಳು.

ಜತ್ತಪ್ಪ ಕಂಬ ಹಿಡಿದು ಬಲಗಾಲು ಎತ್ತಿ ನೋಡಿದ. ಹಿಮ್ಮಡಿಯಲ್ಲಿ ಸೀಸೆಯ ಚೂರು, ಅರ್ಧ ಬೆರಳು ಉದ್ದದ್ದು, ಹೊಕ್ಕು ಕೂತಿತ್ತು. ದನದ ಹಟ್ಟಿಯ ಹಿಂದೆ ತುಳಿದದ್ದಿರಬೇಕು. ಹಟ್ಟಿಯಿಂದ ಜಗಲಿಗೆ ನೂರು ಹೆಜ್ಜೆ. ಆ ನೂರು ಹೆಜ್ಜೆಯನ್ನೂ ಅವನು ಗಾಜಿನ ಮೇಲೆ ಊರಿಕೊಂಡು, ಬಿಸು ಹಬ್ಬಕ್ಕೆ ಎಷ್ಟು ತೆಂಗಿನಕಾಯಿ ಬೇಕಾದೀತು ಎಂದು ಯೋಚಿಸುತ್ತ ಬಂದಿದ್ದ. “ಓ, ಇದಾ?” ಎಂದು ನಗಲು ನೋಡಿದ. ನಗು ಬರಲಿಲ್ಲ.

ದೇವಮ್ಮ ಗೆರಸೆ ಕೆಳಗಿಟ್ಟಳು. ಮೂಲೆಯಲ್ಲಿದ್ದ ಹಿಡಿಸೂಡಿ ಪೊರಕೆಯಿಂದ ಒಂದು ಕಡ್ಡಿ ಎಳೆದು, ಅವನನ್ನು ಕೂರಿಸಿ, ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. “ಅತ್ತ ನೋಡಿ,” ಎಂದಳು. ಜತ್ತಪ್ಪ ಅಂಗಳದ ಆಚೆ ಹಲಸಿನ ಮರ ನೋಡಿದ.

“ಈಗ?”

“ಎಂತದು ಈಗ?”

“ಈಗ?”

“ಮಾಡುದಾದ್ರೆ ಬೇಗ ಸುರು ಮಾಡು ಮಾರಾಯ್ತಿ, ನನಗೆ ಬೇರೆ ಕೆಲಸ ಉಂಟು.”

ಜತ್ತಪ್ಪ ತಿರುಗಿ ನೋಡಿದ. ಅಂಗಾಲಿನಲ್ಲಿ ಐದು ಕಡೆ ಸಾಸಿವೆಯಷ್ಟು ಸಾಸಿವೆಯಷ್ಟು ರಕ್ತ. ಹೆಂಡತಿಯ ಕೈಯಲ್ಲಿದ್ದ ಕಡ್ಡಿಯ ತುದಿ ಮುರಿದಿತ್ತು. ಅವಳು ಸದ್ದಿಲ್ಲದೆ ಅಳುತ್ತಿದ್ದಳು.

ಎರಡು ತಿಂಗಳಿಂದ ಅವನ ಮೀನಖಂಡದ ಮೇಲೆ ರೂಪಾಯಿಯಷ್ಟು ಅಗಲದ ಒಂದು ಬಿಳಿಚಿದ ಗುರುತಿತ್ತು. ಚಿಬ್ಬು ಎಂದು ಅವನೇ ಹೇಳಿಕೊಂಡಿದ್ದ. ಚಿಬ್ಬಿಗೆ ತುರಿಕೆ ಇರುತ್ತದೆ, ಇದಕ್ಕೆ ಅದೂ ಇರಲಿಲ್ಲ. ರೋಗದ ಹೆಸರನ್ನು ಇಬ್ಬರಲ್ಲಿ ಒಬ್ಬರೂ ಬಾಯಿಗೆ ತರಲಿಲ್ಲ. ಊರಲ್ಲೂ ಅದಕ್ಕೆ ‘ದೊಡ್ಡ ರೋಗ’ ಎಂದಷ್ಟೇ ಹೆಸರು. ಹತ್ತು ವರ್ಷದ ಹಿಂದೆ ಮೇಲಿನ ಮನೆಯ ಹಿರಿಯನಿಗೆ ಅದು ಬಂದಾಗ ಗುಡ್ಡದ ಬದಿಗೆ ಸೋಗೆಯ ಜೋಪಡಿ ಕಟ್ಟಿ, ಬಾಳೆಲೆಯಲ್ಲಿ ಅನ್ನ ಇಟ್ಟು, ದೂರದಿಂದ ಕೂಗಿ ಹೇಳಿ ಬರುತ್ತಿದ್ದರು. ಅವನು ಸತ್ತ. ಆ ಮನೆಯ ಇಬ್ಬರು ಹೆಣ್ಣುಮಕ್ಕಳು ಈಗಲೂ ಅಲ್ಲೇ ಇದ್ದಾರೆ, ತಲೆಗೂದಲು ನೆರೆಯುತ್ತಾ ಬಂತು, ಒಬ್ಬ ಗಂಡೂ ಆ ಮೆಟ್ಟಿಲು ಹತ್ತಿಲ್ಲ.

ಜತ್ತಪ್ಪನ ಮಗಳು ದಮಯಂತಿಗೆ ಹತ್ತೊಂಬತ್ತು. ಬಿಸು ಕಳೆದು ಎಂಟನೆಯ ದಿನ ಅವಳ ವೀಳ್ಯಶಾಸ್ತ್ರ ಎಂದು ಮಾತಾಗಿತ್ತು. ಹುಡುಗ ಆಲೆಟ್ಟಿಯ ತೀರ್ಥರಾಮ, ಒಳ್ಳೆಯ ಮನೆ. ಸಂಬಂಧ ಹಿಡಿದು ತಂದವನು ಇದೇ ಊರಿನ ಪರಮೇಶ್ವರ, ಹುಡುಗನ ಸೋದರಮಾವ. ಅವನ ಮಾತಿಗೆ ಆಲೆಟ್ಟಿಯಲ್ಲಿ ಎದುರಿಲ್ಲ. ಅವನು ಬೇಡ ಎಂದರೆ ಅದಕ್ಕೂ ಎದುರಿಲ್ಲ.

“ನಾಳೆ ಹೊಳೆಗೆ ಹೋಗುದು ಬೇಡ,” ಎಂದಳು ದೇವಮ್ಮ, ಮೂಗು ಒರೆಸಿಕೊಂಡು. “ಜ್ವರ ಅಂತ ಹೇಳುವಾ.”

“ಜ್ವರ ಅಂದ್ರೆ ನೋಡ್ಲಿಕ್ಕೆ ಬರುವವರೇ ಹೆಚ್ಚು. ಪರಮೇಶ್ವರಣ್ಣ ಮೊದಲು ಬರುದು. ಮೈ ಮುಟ್ಟಿ ನೋಡ್ತಾನೆ, ಕಾಲೂ ನೋಡ್ತಾನೆ.”

ಹೊಳೆಯ ವಿಷಯ ಸ್ವಲ್ಪ ಹೇಳಬೇಕು. ಕಡಬದಿಂದ ಒಂದು ಮೈಲು ಕೆಳಗೆ ಕುಮಾರಧಾರೆ ಅಗಲವಾಗುತ್ತದೆ. ಈಚೆ ದಡದಿಂದ ನಡುಹೊಳೆ ದಾಟುವವರೆಗೆ ಮೊಣಕಾಲು ನೀರು, ಹೆಚ್ಚೆಂದರೆ ಸೊಂಟ. ಆಚೆ ದಡದ ಬಂಡೆಯ ಬುಡದಲ್ಲಿ ಮಾತ್ರ ಕಯ, ಅಂದರೆ ತಳ ಸಿಗದ ಗುಂಡಿ. ಬಿಸುವಿಗೆ ಮೊದಲಿನ ಶನಿವಾರ ಊರಿನ ಗಂಡಸರು ಅಲ್ಲಿ ‘ಸಾಲು’ ಇಳಿಯುತ್ತಾರೆ. ಉದ್ದದ ನಾರಿನ ಹಗ್ಗಕ್ಕೆ ಮೊಳಕ್ಕೊಂದರಂತೆ ಮಡಲು, ಅಂದರೆ ತೆಂಗಿನ ಗರಿ, ಕಟ್ಟಿ, ಹೊಳೆಗೆ ಅಡ್ಡವಾಗಿ ಹಿಡಿದು, ನೀರು ಹೋಗುವ ಕಡೆಗೇ ನಿಧಾನವಾಗಿ ನಡೆಯುವುದು. ಮಡಲಿನ ನೆರಳಿಗೆ, ಸದ್ದಿಗೆ ಮೀನು ಬೆದರಿ ಮುಂದೆ ಓಡುತ್ತದೆ. ನೀರು ತೆಳ್ಳಗಾಗುವಲ್ಲಿ ಬೀಸುಬಲೆಯವರು ಕಾಯುತ್ತಿರುತ್ತಾರೆ. ಕೇಳಲಿಕ್ಕೆ ಸುಲಭ. ಆದರೆ ಮೀನಿಗೂ ತಲೆ ಉಂಟಲ್ಲ! ಅದು ಕಯಕ್ಕೆ ನುಗ್ಗಲು ನೋಡುತ್ತದೆ. ಹಾಗಾಗಿ ಸಾಲಿನ ತಲೆಯಲ್ಲಿ ನಿಂತವನು ಕಯದ ಅಂಚಿಗೆ ತಾಗಿಕೊಂಡೇ ನಡೆಯಬೇಕು. ದೂರ ನಿಂತರೆ ಮೀನು ಹೋಯಿತು, ತೀರಾ ಹತ್ತಿರ ಹೋದರೆ ಮನುಷ್ಯ ಹೋದ.

ಇಪ್ಪತ್ತೆರಡು ವರ್ಷದಿಂದ ಸಾಲಿನ ತಲೆ ಜತ್ತಪ್ಪನದೇ. ಈ ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೂ ನೀರು ಕುಡಿದಿರಲಿಲ್ಲ. ಪ್ರತಿ ಮಳೆಗಾಲದ ನೆರೆ ಕಯದ ಅಂಚನ್ನು ಅತ್ತಿತ್ತ ಸರಿಸುತ್ತದೆ, ಹೋದ ವರ್ಷದ ಗುರುತು ಈ ವರ್ಷಕ್ಕೆ ಇಲ್ಲ. ಜತ್ತಪ್ಪನಿಗೆ ಅದನ್ನು ಹೇಳುತ್ತಿದ್ದದ್ದು ಅಂಗಾಲು. ಮೊದಲು ಉರುಟು ಕಲ್ಲು, ಆಮೇಲೆ ದೊರಗು ಮರಳು, ಆಮೇಲೆ ನಯ ಮರಳು. ಕೊನೆಗೆ, ಅಂಚಿಗೆ ಇನ್ನು ಮೂರೇ ಹೆಜ್ಜೆ ಎನ್ನುವಾಗ, ಹಿಮ್ಮಡಿಯ ಕೆಳಗಿನಿಂದ ಮರಳು ಮೆಲ್ಲಗೆ ಓಡಲು ಸುರುವಾಗುತ್ತದೆ. ಆಗ ಅವನು “ನಿಲ್ಲಿ!” ಎನ್ನುತ್ತಿದ್ದ. ಉಳಿದ ಹತ್ತು ಜನ ಅಲ್ಲಲ್ಲೇ ಕಂಬದ ಹಾಗೆ ನಿಲ್ಲುತ್ತಿದ್ದರು. ಯಾಕೆ ಎಂದು ಕೇಳುವ ಕ್ರಮವೇ ಇರಲಿಲ್ಲ.

“ಬಿದಿರಿನ ಗಳ ಹಿಡಿದುಕೊಳ್ಳಿ ಹಾಗಾದ್ರೆ,” ಎಂದಳು ದೇವಮ್ಮ.

“ಗಳ ಊರಿದ ಸದ್ದಿಗೆ ಮೀನು ನೇರ ಕಯಕ್ಕೇ ಹೋಗುದು. ಮತ್ತೆ, ಇಪ್ಪತ್ತೆರಡು ವರ್ಷ ಹಿಡಿಯದವ ಈಗ ಯಾಕೆ ಹಿಡಿದ ಅಂತ ಕೇಳುದಿಲ್ವಾ?”

“ಹಾಗಾದ್ರೆ ಬೇರೆಯವರು ಹೋಗಲಿ ಮುಂದೆ.”

“ಬೇರೆಯವರು ಅಂದ್ರೆ ವೆಂಕಪ್ಪ. ಅವನಿಗೆ ಕಣ್ಣಲ್ಲಿ ಮೀನು ಮಾತ್ರ ಕಾಣುದು, ಕಾಲಲ್ಲಿ ಎಂತದೂ ಕಾಣುದಿಲ್ಲ. ನಾಲ್ಕು ಜನರನ್ನು ಕೊಲ್ತಾನೆ.”

ವೆಂಕಪ್ಪನ ಬಗ್ಗೆ ಅವನು ಹೇಳಿದ್ದು ನಿಜ. ಆದರೆ ಬಾಯಿಬಿಟ್ಟು ಹೇಳದ ಇನ್ನೊಂದು ಮಾತೂ ಇತ್ತು. ಸಾಲಿನ ತಲೆಯನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. ಜಾಗ ಎರಡೇ ಎಕರೆ, ಮನೆಗೆ ಹೊದೆಸಿದ್ದು ಮುಳಿಹುಲ್ಲು, ಊರಲ್ಲಿ ಅವನ ಹೆಸರು ಹೇಳಲು ಇದ್ದದ್ದು ಇದೊಂದೇ. ಆಲೆಟ್ಟಿಯವರಿಗೆ ಪರಮೇಶ್ವರ ಅವನನ್ನು ಪರಿಚಯ ಮಾಡಿದ್ದೂ “ನಮ್ಮ ಹೊಳೆಯ ಜತ್ತಪ್ಪ” ಎಂದೇ.

ಗಾಜು ಕೀಳಿಸಿ, ಗಾಯಕ್ಕೆ ಅರಸಿನ ತುಂಬಿ ಬಟ್ಟೆ ಕಟ್ಟಿಸಿಕೊಂಡು, ಮಧ್ಯಾಹ್ನ ಅವನು ಗುಡ್ಡ ಹತ್ತಿದ.

ಗುಡ್ಡದ ನೆತ್ತಿಯಲ್ಲಿ ಐಪ್ ಎಂಬ ಮಲಯಾಳಿ ಕ್ರಿಶ್ಚಿಯನ್ ಕಾಡು ಕಡಿದು ಮರಗೆಣಸು ಹಾಕಿದ್ದ, ನಡುನಡುವೆ ರಬ್ಬರ್ ಸಸಿ ಊರಿದ್ದ. ತಿರುವಾಂಕೂರಿನಿಂದ ಬಂದು ಎರಡು ವರ್ಷ. ಕೊಚ್ಚಿ ಎಲ್ಲಿ ಉಂಟು ಎಂದು ಗೊತ್ತಿಲ್ಲದಿದ್ದರೂ ಊರಿನವರು ಅವನನ್ನು ‘ಕೊಚ್ಚಿಯವ’ ಎನ್ನುತ್ತಿದ್ದರು. ಮೂವತ್ತು ವರ್ಷದ ಗಟ್ಟಿ ಆಳು. ಹೆಂಡತಿ ಏಲಿಗೆ ಏಳು ತಿಂಗಳು ತುಂಬಿತ್ತು. ಗುಡ್ಡದಿಂದ ಕಡಬದ ಮಾರ್ಗಕ್ಕೆ ಇಳಿಯಲು ಅವರಿಗೆ ಇದ್ದದ್ದು ಒಂದೇ ಕಾಲುದಾರಿ, ಅದು ಪರಮೇಶ್ವರನ ತೋಟದ ನಡುವೆ ಹೋಗುತ್ತದೆ. ಎರಡು ವರ್ಷವೂ ಐಪ್ ತನ್ನನ್ನೂ ಸಾಲಿಗೆ ಸೇರಿಸಿಕೊಳ್ಳಿ ಎಂದು ಕೇಳಿದ್ದ. ಎರಡು ವರ್ಷವೂ ಇವರು ನೋಡುವಾ ಎಂದಿದ್ದರು. ನೋಡುವಾ ಎಂದರೆ ಇಲ್ಲ ಎಂದು ಅರ್ಥ, ಪಾಪ ಅವನಿಗೂ ಅದು ಗೊತ್ತಿತ್ತು.

“ನಾಳೆ ಬಾ,” ಎಂದ ಜತ್ತಪ್ಪ. “ನನ್ನ ಪಕ್ಕದಲ್ಲೇ ನಿಲ್ಲು. ಎರಡನೆಯವ.”

ಐಪ್ ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ. ಮತ್ತೂ ಒರೆಸಿಕೊಂಡ. “ಏಲಿಯೇ, ಕೇಟ್ಟೋ?” ಎಂದು, ಕೇಳಿಸಿತಾ ಎನ್ನುವ ಹಾಗೆ, ಒಳಗೆ ಕೂಗಿದ. ಅವಳು ಬೆಲ್ಲದ ಕಪ್ಪು ಕಾಪಿ ತಂದು ಕೊಟ್ಟು, ನಗುತ್ತ ನಿಂತಳು. “ಚೇಟ್ಟಾ, ಇದು ನಾನು ಮರೆಯುದಿಲ್ಲ,” ಎಂದ ಐಪ್. ಅವನ ಭಾಷೆಯಲ್ಲಿ ಚೇಟ್ಟಾ ಎಂದರೆ ಅಣ್ಣ. ಜತ್ತಪ್ಪ ಕಾಪಿಯ ಲೋಟ ತಿರುಗಿಸುತ್ತ ಕೂತ. ಅವನಿಗೆ ಬೇಕಾದದ್ದು ಐಪನ ಎರಡು ಕಾಲು. ನಾಚಿಕೆಯಾಯಿತು ಅವನಿಗೆ, ಒಳಗಿಂದೊಳಗೆ ನಾಚಿಕೆಯಾಯಿತು. ಆದರೂ ಕಾಪಿ ಕುಡಿದು ಮುಗಿಸಿ, “ಬೆಳಿಗ್ಗೆ ಬೇಗ ಬಾ,” ಎಂದು ಹೇಳಿ ಇಳಿದ.

ಮರುದಿನ ಎಂಟು ಗಂಟೆಗೆಲ್ಲ ಗಂಡಸರು ದಡದಲ್ಲಿ ಸೇರಿದ್ದರು. ಜತ್ತಪ್ಪ ಹಿಮ್ಮಡಿಯ ಕಟ್ಟನ್ನು ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದ. ಬಲೆಯವರ ಯಜಮಾನಿಕೆ ಪರಮೇಶ್ವರನದು. ಅವನು ಐಪನನ್ನು ನೋಡಿ ಹುಬ್ಬು ಏರಿಸಿದ. “ಇವ ಯಾಕೆ ಜತ್ತಪ್ಪ? ನಾವು ಹನ್ನೊಂದು ಜನ ಸಾಲುದಿಲ್ವಾ?”

“ಕಲಿಯಲಿ ಪರಮೇಶ್ವರಣ್ಣ. ನಾನು ಎಷ್ಟು ವರ್ಷ ಇಳಿಯುದು ಇನ್ನು?”

“ನಮ್ಮವರು ಯಾರೂ ಸಿಗಲಿಲ್ವಾ ಕಲಿಸ್ಲಿಕ್ಕೆ?” ಎಂದ ವೆಂಕಪ್ಪ. ನಾಲ್ಕು ಜನ ನಕ್ಕರು. ಐಪ್ ಕೂಡ ನಕ್ಕ. ನಗದೆ ಏನು ಮಾಡುವುದು?

ನೀರಿಗೆ ಇಳಿಯುವ ಮೊದಲು ಜತ್ತಪ್ಪ ಎಲ್ಲರಿಗೂ ಕೇಳುವ ಹಾಗೆ ಐಪನಿಗೆ ಹೇಳಿಕೊಟ್ಟ. ಕಾಲು ಎತ್ತಿ ಇಡಬಾರದು, ಜಾರಿಸಬೇಕು. ಒಂದು ಕಾಲು ಕೂತ ಮೇಲೆಯೇ ಇನ್ನೊಂದು. ಹೊಳೆಗೆ ಬೆನ್ನು ಕೊಡಬಾರದು, ಪಕ್ಕೆ ಕೊಟ್ಟು ನಡೆಯಬೇಕು. ಹಗ್ಗ ಬಿಡಬಾರದು, ಹಾಗಂತ ಕೈಗೆ ಸುತ್ತಿಕೊಳ್ಳಲೂ ಬಾರದು. “ಕಾಲಡಿ ಎಂತ ಉಂಟೋ ಅದನ್ನು ನಾನು ಕೇಳ್ತೇನೆ, ನೀನು ಹೇಳುತ್ತಾ ಬರಬೇಕು. ಸುಳ್ಳು ಹೇಳಬಾರದು, ತಡ ಮಾಡಬಾರದು.”

ಸಾಲು ಇಳಿಯಿತು. ಜತ್ತಪ್ಪ ಮುಂದಾಗಿ ನಡುಹೊಳೆ ದಾಟಿ ಕಯದ ಕಡೆಗೆ ಹೋದ. ಅವನ ಈಚೆ ಐಪ್, ಅವನ ಈಚೆ ವೆಂಕಪ್ಪ, ಮತ್ತೆ ಉಳಿದವರು ದಡದವರೆಗೆ. ನೀರು ಎದೆಯ ಕೆಳಗೆ ತಣ್ಣಗೆ ತಳ್ಳುತ್ತಿತ್ತು. ತೊಡೆಯವರೆಗೆ ಜತ್ತಪ್ಪನಿಗೆ ಆ ತಣ್ಪು ತಿಳಿಯಿತು. ಮೊಣಕಾಲಿನ ಕೆಳಗೆ ಹೊಳೆಯೂ ಇರಲಿಲ್ಲ, ನೆಲವೂ ಇರಲಿಲ್ಲ. ಮೊದಲನೆಯ ಹತ್ತು ಹೆಜ್ಜೆ ಅವನು ಪ್ರಾಣ ಕೈಯಲ್ಲಿ ಹಿಡಿದುಕೊಂಡೇ ಇಟ್ಟ.

“ಕಾಲಡಿ ಎಂತ ಉಂಟು?”

“ಕಲ್ಲು ಚೇಟ್ಟಾ. ಉರುಟು ಕಲ್ಲು.”

“ಈಗ?”

“ಮರಳು. ದೊರಗು.”

“ಕೂತದ್ದಾ, ಓಡುದಾ?”

“ಕೂತಿದೆ. ಗಟ್ಟಿ ಉಂಟು.”

“ಇದು ಹೊಳೆಯಾ ಶಾಲೆಯಾ ಮಾರಾಯ್ರೆ?” ಎಂದು ವೆಂಕಪ್ಪ ಕೂಗಿದ. “ಮಾಸ್ಟ್ರು ಕೇಳುದು, ಮಕ್ಕಳು ಒಪ್ಪಿಸುದು!”

“ನಿನಗೂ ಒಂದು ಪಾಠ ಉಂಟು. ಕೈಗೆ ಸುತ್ತಿದ ಹಗ್ಗ ಬಿಚ್ಚು ಮೊದಲು.”

ವೆಂಕಪ್ಪ ನಾಲಿಗೆ ಕಚ್ಚಿಕೊಂಡು ಹಗ್ಗ ಬಿಚ್ಚಿದ. ಸಾಲಿನ ಉದ್ದಕ್ಕೂ ನಗೆ ಹರಿಯಿತು. ಜತ್ತಪ್ಪನಿಗೆ ಎದೆ ಹಗುರವಾಯಿತು. ಆಗುತ್ತದೆ ಇದು, ಆಗುತ್ತದೆ! ಐಪನ ಕಾಲು ಅವನ ಕಾಲಿಗಿಂತ ಎರಡು ಮೊಳ ಈಚೆ ಇತ್ತು, ಆ ಲೆಕ್ಕ ಅವನ ತಲೆಯಲ್ಲಿತ್ತು. ಆದ್ದರಿಂದ ಐಪ್ ನಯ ಮರಳು ಎಂದ ಕೂಡಲೇ ನಿಲ್ಲಿಸಬೇಕು, ಓಡುವವರೆಗೆ ಕಾಯಬಾರದು ಎಂದು ಬೆಳಗಿನಿಂದ ಹತ್ತು ಸಲ ಹೇಳಿಕೊಂಡಿದ್ದ. ಎರಡು ಸಲ ಹಾಗೆಯೇ ನಿಲ್ಲಿಸಿದ. ಎರಡು ಸಲವೂ ಸಾಲು ಈಚೆ ಸರಿದು ಮತ್ತೆ ಮುಂದೆ ಹೋಯಿತು. ಬಿಸಿಲು ನೀರಿನ ಮೇಲೆ ಬಿದ್ದು ಮಡಲುಗಳ ನೆರಳು ತಳದಲ್ಲಿ ಅಲ್ಲಾಡುತ್ತಿತ್ತು. ಮುಂದೆ ಮೀನುಗಳು ಕಿಡಿಯಂತೆ ಚದುರುವುದು ಕಾಣುತ್ತಿತ್ತು. ಈ ವರ್ಷ ಒಂದು ಕಳೆದರೆ ಸಾಕು, ಮಗಳು ಆಲೆಟ್ಟಿ ಸೇರಿದ ಮೇಲೆ ಏನಾದರೂ ಆಗಲಿ ಎಂದುಕೊಂಡ.

ಬಲೆಯವರು ನಿಂತ ಜಾಗಕ್ಕೆ ಇನ್ನು ಐವತ್ತು ಗಜ. ಕಪ್ಪು ಬೆನ್ನಿನ ದೊಡ್ಡ ಮೀನುಗಳ ಒಂದು ಹಿಂಡು, ಒಂದೊಂದೂ ಕೈಯುದ್ದದ್ದು, ಇದ್ದಕ್ಕಿದ್ದಂತೆ ತಿರುಗಿತು. ದಡದಿಂದ ಪರಮೇಶ್ವರ ಹುಚ್ಚು ಹಿಡಿದವನಂತೆ ಕೂಗಿದ. “ಜತ್ತಪ್ಪ, ಕಯಕ್ಕೆ ಹೋಗ್ತದೆ! ತಡಿ, ತಡಿ ಅದನ್ನು!”

ಆ ಒಂದು ಹೆಜ್ಜೆ ಜತ್ತಪ್ಪ ಯಾರನ್ನೂ ಕೇಳಿ ಇಟ್ಟದ್ದಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಇಟ್ಟದ್ದು. ಐಪ್ “ನಯ ಆಯಿತು ಚೇಟ್ಟಾ” ಎಂದದ್ದೂ, ಉಸಿರು ತೆಗೆಯದೆ “ಓಡ್ತದೆ, ಓಡ್ತದೆ!” ಎಂದದ್ದೂ ಅವನ ಕಿವಿಗೆ ಬಿತ್ತು. ಅಷ್ಟರಲ್ಲಿ ಕಣ್ಣ ಮುಂದೆ ಹಸಿರು ನೀರು ಮುಚ್ಚಿತು.

ಹೆದರಿಕೆ ಆಗಲಿಲ್ಲ ಅವನಿಗೆ ಮೊದಲು. ಈಜು ಬಾರದವನೇ ಅವನು? ಕೈ ಬಡಿದ, ಮೇಲೆ ಬೆಳಕು ಕಂಡಿತು, ಬೆಳಕು ಹತ್ತಿರ ಬರಲಿಲ್ಲ. ಮತ್ತೆ ಬಡಿದ. ಯಾರೋ ಕೆಳಗಿನಿಂದ ಹಿಡಿದಂತೆ ದೇಹ ಇದ್ದಲ್ಲೇ ಇತ್ತು. ನೀರೇ ಬಿಡುತ್ತಿಲ್ಲ ಎಂದುಕೊಂಡ. ಬಾಯಿಗೆ ಹೊಳೆ ನುಗ್ಗಿತು. ಆಗ ಒಂದು ಕೈ ಅವನ ತೊಡೆ ಹಿಡಿದು, ತೊಡೆಯಿಂದ ಮೊಣಕಾಲಿಗೆ ತಡಕುತ್ತ ಕೆಳಗೆ ಹೋಯಿತು. ಇಡೀ ಮೈ ಒಮ್ಮೆ ಅಲ್ಲಾಡಿತು. ಮರುಕ್ಷಣ ಅವನ ತಲೆ ನೀರಿನ ಮೇಲೆ ಇತ್ತು. ಬಂಡೆಯ ಸಂದಿಯಲ್ಲಿ ಸಿಕ್ಕಿದ್ದ ಕಾಲನ್ನು ಐಪ್ ಮುಳುಗಿ ಕಿತ್ತು ಬಿಡಿಸಿದ್ದ. ಕಾಲು ಸಿಕ್ಕಿದ್ದು ಕಾಲಿನ ಯಜಮಾನನಿಗೇ ಗೊತ್ತಿರಲಿಲ್ಲ.

ಆದರೆ ಮುಳುಗಬೇಕಾದರೆ ಐಪ್ ಹಗ್ಗ ಬಿಡಬೇಕಾಯಿತು. ತಲೆಯ ಕಡೆಯಿಂದ ಇಬ್ಬರೂ ಕೈಬಿಟ್ಟ ಹಗ್ಗದ ತುದಿಯನ್ನು, ಮಡಲುಗಳ ಸಮೇತ, ಹೊಳೆ ಎಳೆದುಕೊಂಡಿತು. ಮೂರನೆಯವನು ವೆಂಕಪ್ಪ. ಮೀನಿನ ಹಿಂಡು ಕಂಡ ಹುರುಪಿನಲ್ಲಿ ಅವನು ಹಗ್ಗವನ್ನು ಮತ್ತೆ ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದ. ಅವನು ಕೂಗಿದ್ದು ಅರ್ಧವೇ ಕೇಳಿತು.

ಉಳಿದ ಒಂಬತ್ತು ಜನ ಸೇರಿ ಹಗ್ಗ ಹಿಂದಕ್ಕೆ ಎಳೆದರು. ಹಗ್ಗದ ಜೊತೆಗೆ ವೆಂಕಪ್ಪ ಬಂದ. ದಡದ ಬಂಡೆಯ ಮೇಲೆ ಹೊಟ್ಟೆ ಅಡಿ ಮಾಡಿ ಹಾಕಿ ಬೆನ್ನು ಒತ್ತಿದರು. ಮೂಗಿನಿಂದ, ಬಾಯಿಂದ ನೀರು ಬಂತು, ಉಸಿರು ಬರಲಿಲ್ಲ. ಯಾರೋ ಅವನ ಹೆಂಡತಿಯ ಹೆಸರು ಹೇಳಿ ಅಳಲು ಸುರು ಮಾಡಿದರು. “ಅಳಬೇಡ್ರಾ, ಒತ್ತಿ!” ಎಂದು ಪರಮೇಶ್ವರ ಗದರಿಸಿದ. ಒತ್ತಿದರು. ತುಂಬ ಹೊತ್ತಿನ ಮೇಲೆ ವೆಂಕಪ್ಪ ಕೆಮ್ಮಿದ, ಮತ್ತೆ ವಾಂತಿ ಮಾಡಿದ. ಅವನ ಬಲ ಮಣಿಕಟ್ಟು ಇರಬೇಕಾದ ದಿಕ್ಕಿಗೆ ಇರಲಿಲ್ಲ. ಪುತ್ತೂರಿಗೆ ಕೊಂಡೊಯ್ಯಲು ಎತ್ತಿನ ಗಾಡಿ ತರಲೆಂದು ಇಬ್ಬರು ಓಡಿದರು.

ಅಷ್ಟು ಹೊತ್ತೂ ಜತ್ತಪ್ಪ ಸ್ವಲ್ಪ ಆಚೆ, ಒಂದು ಮರದ ಬುಡದಲ್ಲಿ ನಿಂತಿದ್ದ. ಐಪ್ ಬಂದು ಅವನ ಎದುರು ಕುಕ್ಕರುಗಾಲಲ್ಲಿ ಕೂತ. ಜತ್ತಪ್ಪನ ಕಾಲಿನ ಹೆಬ್ಬೆರಳಿನ ಉಗುರು ಬುಡಸಮೇತ ಎದ್ದುಹೋಗಿತ್ತು. ಜತ್ತಪ್ಪ ಆ ಬೆರಳನ್ನೇ ಹರಳುಕಲ್ಲಿಗೆ ಊರಿ ನಿಂತಿದ್ದ. ಐಪ್ ಒಮ್ಮೆ ತಲೆಯೆತ್ತಿ ಅವನ ಮುಖ ನೋಡಿದ. ಮೀನಖಂಡದ ಮೇಲಿನ ಬಿಳಿಚಿದ ಗುರುತನ್ನೂ ನೋಡಿದ. ಸೊಂಟಕ್ಕೆ ಬಿಗಿದಿದ್ದ ತೋರ್ತು, ಅಂದರೆ ಮೈ ಒರೆಸುವ ಬಟ್ಟೆ, ಬಿಚ್ಚಿ, ಬೆರಳು ಕಾಣದಂತೆ, ಗುರುತೂ ಕಾಣದಂತೆ ಮೊಣಕಾಲಿನವರೆಗೆ ಸುತ್ತಿ ಕಟ್ಟಿದ.

“ನನ್ನ ಅಪ್ಪಚ್ಚನಿಗೆ, ಅಪ್ಪನಿಗೆ, ಹೀಗೇ ಸುರುವಾದದ್ದು,” ಎಂದ, ತುಟಿ ಅಲ್ಲಾಡಿಸದೆ. “ಈಗ ಗುಳಿಗೆ ಬಂದುಂಟು ಚೇಟ್ಟಾ. ಗುಣ ಆಗ್ತದೆ. ಇಲ್ಲಿ ಯಾರಿಗೂ ಹೇಳುದು ಬೇಡ.”

ಜತ್ತಪ್ಪ ಬಂಡೆಯ ಸುತ್ತ ನೆರೆದವರ ಕಡೆ ನೋಡಿದ.

“ಎಲ್ಲರೂ ನೋಡ್ತಾರೆ ಈಗ,” ಎಂದ ಐಪ್. “ನಡೆಯುವಾಗ ಕುಂಟಿ. ಸ್ವಲ್ಪ ಕುಂಟಿ ಚೇಟ್ಟಾ.”

ಜತ್ತಪ್ಪ ಕುಂಟಿದ. ಚೆನ್ನಾಗಿಯೇ ಕುಂಟಿದ, ಹಲ್ಲು ಕಚ್ಚಿ “ಅಯ್ಯಮ್ಮ” ಎಂದೂ ಅಂದ. ಪರಮೇಶ್ವರ ಎದ್ದು ಬಂದು ಅವನ ರಟ್ಟೆ ಹಿಡಿದುಕೊಂಡ. “ನೋವು ಉಂಟಾ? ಮೆಲ್ಲಗೆ ಮಾರಾಯ. ಕೂತುಕೋ ಇಲ್ಲಿ. ಮಗಳ ಕೆಲಸ ಎದುರು ಇಟ್ಟುಕೊಂಡು ಎಂಥ ಗ್ರಹಚಾರ ಇದು!” ಅವನ ದನಿಯಲ್ಲಿ ನಿಜವಾದ ಮರುಕ ಇತ್ತು. ಅದೇ ಮುಖ ಐಪನ ಕಡೆ ತಿರುಗುವಾಗ ಬೇರೆಯಾಯಿತು.

“ಹಗ್ಗ ಯಾಕೆ ಬಿಟ್ಟದ್ದು ನೀನು?”

ಐಪ್ ನೆಲ ನೋಡಿದ. “ಬಿಟ್ಟದ್ದು ತಪ್ಪು.”

“ತಪ್ಪು! ಒಬ್ಬ ಸಾಯುತ್ತಿದ್ದ ಇಲ್ಲಿ. ಜತ್ತಪ್ಪ ಹೊಳೆಯಲ್ಲಿ ಹುಟ್ಟಿದ ಹಾಗಿರುವ ಮನುಷ್ಯ, ಈಜಿ ಬರುತ್ತಿದ್ದ. ನಿನ್ನನ್ನು ಯಾರು ಕರೆದದ್ದು ನೀರಿಗೆ?”

“ಇವನೇ ಎಳೆದದ್ದು ಪರಮೇಶ್ವರಣ್ಣ,” ಎಂದ ಒಬ್ಬ. “ನಾನು ನೋಡಿದೆ. ಇವನ ಕಾಲು ಜಾರಿತು, ಜತ್ತಪ್ಪಣ್ಣನನ್ನು ಹಿಡಿದು ಎಳೆದ.”

“ಹೌದು, ಹೌದು.” ನೋಡದವರೂ ಹೌದು ಎಂದರು. ಹೆದರಿದ ಜನಕ್ಕೆ ಬೈಯಲು ಒಬ್ಬ ಬೇಕು. ಭಾಷೆ ಅರ್ಧ ಬರುವವನು ಸಿಕ್ಕಿದರೆ ಮತ್ತೂ ಒಳ್ಳೆಯದಾಯಿತು.

“ಕೇಳು,” ಎಂದ ಪರಮೇಶ್ವರ. “ಇವತ್ತಿಂದ ನನ್ನ ತೋಟದಲ್ಲಿ ನಿಮಗೆ ದಾರಿ ಇಲ್ಲ. ನಾಳೆಯೇ ಬೇಲಿ ಹಾಕಿಸ್ತೇನೆ. ಗುಡ್ಡ ಹೇಗೆ ಇಳಿಯುದು ಅಂತ ನೀನೇ ನೋಡಿಕೋ.”

ಐಪ್ ಆಗ ಮಾತ್ರ ತಲೆ ಎತ್ತಿದ. ಬಾಯಿ ತೆರೆದ. ಏಳು ತಿಂಗಳ ಬಸುರಿಯನ್ನು ಆ ದಾರಿ ಬಿಟ್ಟು ಇಳಿಸುವುದು ಹೇಗೆ ಎಂದು ಅವನು ಕೇಳಬಹುದಿತ್ತು. ನೀರಿನ ಅಡಿಯಲ್ಲಿ ತನ್ನ ಕೈಗೆ ಸಿಕ್ಕಿದ್ದು ಏನು ಎಂದು ಹೇಳಬಹುದಿತ್ತು. ಒಮ್ಮೆ ಜತ್ತಪ್ಪನ ಕಾಲಿಗೆ ಸುತ್ತಿದ ತೋರ್ತಿನ ಕಡೆ ನೋಡಿ, ಬಾಯಿ ಮುಚ್ಚಿದ.

“ನೀನೇ ಹೇಳು ಜತ್ತಪ್ಪ,” ಎಂದ ಪರಮೇಶ್ವರ. ಅವನ ಬೆರಳುಗಳು ಇನ್ನೂ ಜತ್ತಪ್ಪನ ರಟ್ಟೆಯ ಮೇಲೆ ಬೆಚ್ಚಗೆ ಇದ್ದವು. “ಇವ ಎಳೆದದ್ದು ಅಲ್ವಾ ನಿನ್ನನ್ನು?”

ಬಾಯಿ ಬಿಡಬೇಕೆಂದೂ ಇರಲಿಲ್ಲ. ಒಮ್ಮೆ ತಲೆ ಆಡಿಸಿದರೆ ಸಾಕಿತ್ತು. ಎಲ್ಲರೂ ಅವನ ತಲೆಯನ್ನೇ ನೋಡುತ್ತಿದ್ದರು. ಜತ್ತಪ್ಪನಿಗೆ ದಮಯಂತಿಯ ಮುಖ ಕಣ್ಣಿಗೆ ಕಟ್ಟಿತು. ನಿನ್ನೆ ಸಂಜೆ ಅವಳು ಹೊಸ ಸೀರೆಗೆ ರವಿಕೆ ಹೊಲಿಯಲು ಕೊಡಬೇಕು, ತೋಳು ಉದ್ದ ಇಡುವುದೋ ಗಿಡ್ಡ ಇಡುವುದೋ ಎಂದು ತಾಯಿಯ ಹತ್ತಿರ ಜಗಳ ಮಾಡುತ್ತಿದ್ದಳು. ಉದ್ದ, ಗಿಡ್ಡ ಎಂದು ಅವನನ್ನೂ ಕೇಳಿದ್ದಳು. ಅವನು ನಕ್ಕು, ನಿನಗೆ ಬೇಕಾದ ಹಾಗೆ ಇಡು ಮಗಳೇ ಎಂದಿದ್ದ. ದೇವರೇ, ಇನ್ನೊಬ್ಬರ ಮನೆಯ ಕಷ್ಟ ನನಗೆ ಯಾಕೆ ಎಂದು ಅವನ ಮನಸ್ಸು ಕೂಗಿತು. ಕತ್ತು ಆಡಿಯೂ ಆಡದ ಹಾಗೆ ಒಂದಿಷ್ಟು ಅಲ್ಲಾಡಿತು.

“ನೋಡಿ, ಹೌದು ಅಂತಾನೆ,” ಎಂದ ಒಬ್ಬ.

“ನಾನು ಹೌದು ಅನ್ನಲಿಲ್ಲ!” ಎಂದು ಜತ್ತಪ್ಪ ಗದರಿದ. ಅಷ್ಟು ಜೋರಾದ ದನಿ ತನ್ನದೇ ಎಂದು ಅವನಿಗೂ ಆಶ್ಚರ್ಯವಾಯಿತು. ಮುಂದಿನ ಮಾತು ಹೊರಡುವಾಗ ಆ ಜೋರು ಇರಲಿಲ್ಲ. “ಇವ ಎಳೆದದ್ದಲ್ಲ. ನಾನೇ ಹೋದದ್ದು. ಕಾಲು ಬಂಡೆಗೆ ಸಿಕ್ಕಿತ್ತು, ನನಗೆ ತಿಳಿಯಲಿಲ್ಲ. ಇವ ಬಾರದಿದ್ರೆ ನಾನು ಅಡಿಯಲ್ಲೇ ಇರ್ತಿದ್ದೆ.”

“ತಿಳಿಯಲಿಲ್ಲ ಅಂದ್ರೆ ಎಂತ?”

“ಎರಡು ತಿಂಗಳಿಂದ ನನ್ನ ಕಾಲಿಗೆ ಎಂತದೂ ತಿಳಿಯುದಿಲ್ಲ ಪರಮೇಶ್ವರಣ್ಣ. ಮುಳ್ಳೂ ಇಲ್ಲ, ಗಾಜೂ ಇಲ್ಲ. ಇವನನ್ನು ಪಕ್ಕಕ್ಕೆ ಇಟ್ಟುಕೊಂಡದ್ದು ಕಲಿಸ್ಲಿಕ್ಕೆ ಅಲ್ಲ. ಇವನ ಕಾಲಲ್ಲಿ ನೋಡ್ಲಿಕ್ಕೆ.” ಬಗ್ಗಿ ತೋರ್ತಿನ ಗಂಟು ಬಿಚ್ಚಿದ. ಒದ್ದೆ ಗಂಟು ಬೇಗ ಬಿಚ್ಚಲಿಲ್ಲ. ಬಿಚ್ಚಿದ ಮೇಲೆ ಪಂಚೆ ಮೇಲೆತ್ತಿ ಮೀನಖಂಡವನ್ನು ಬಿಸಿಲಿಗೆ ತಿರುಗಿಸಿ ಹಿಡಿದ. “ಇದು. ನೋಡುವವರು ನೋಡಿ. ವೆಂಕಪ್ಪನ ಕೈ ನನ್ನಿಂದ ಹೋದದ್ದು. ಆ ದಾರಿ ಮುಚ್ಚಬೇಡಿ.”

ಹತ್ತಿರ ಇದ್ದವರು, ತಾವು ಸರಿಯುತ್ತಿದ್ದೇವೆ ಎಂದು ತಮಗೇ ಗೊತ್ತಿಲ್ಲದವರಂತೆ, ಹಿಂದೆ ಹಿಂದೆ ಸರಿದರು. ಬಂಡೆಯ ಮೇಲೆ ವೆಂಕಪ್ಪ ನರಳಿದ. ಐಪ್ ಮಾತ್ರ ಬಿಚ್ಚಿಬಿದ್ದ ತೋರ್ತನ್ನು ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. “ಯಾಕೆ ಹೇಳಿದ್ದು ಚೇಟ್ಟಾ,” ಎಂದ.

ಪರಮೇಶ್ವರ ಜತ್ತಪ್ಪನ ರಟ್ಟೆಯಿಂದ ಕೈ ತೆಗೆದ. ಬೈಯಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಆ ಕೈಯನ್ನು ಮೈಗೆ ತಾಗದಂತೆ ಸ್ವಲ್ಪ ದೂರ ಹಿಡಿದುಕೊಂಡು ಮೆಲ್ಲಗೆ ಹೊಳೆಗೆ ಇಳಿದ. ಮೊಣಕಾಲು ನೀರಿನಲ್ಲಿ ಬಗ್ಗಿ ಕೂತು, ಒಂದು ಹಿಡಿ ಮರಳು ತೆಗೆದು ಕೈ ಉಜ್ಜಿದ. ಬೆರಳು, ಅಂಗೈ, ಮಣಿಕಟ್ಟು, ಮೊಣಕೈಯವರೆಗೆ. ತೊಳೆದ. ಮತ್ತೊಂದು ಹಿಡಿ ತೆಗೆದ. ಕಯ ಇದ್ದದ್ದು ಆಚೆ ದಡದಲ್ಲಾದರೂ ಅವನು ಕೂತಲ್ಲೂ ನೀರು ಸಣ್ಣದಾಗಿ ಸುಳಿಯುತ್ತಿತ್ತು, ಹಿಮ್ಮಡಿಯ ಹಿಂದೆ ಮರಳೆದ್ದು ನೀರು ಕದಡುತ್ತಿತ್ತು.

“ಪರಮೇಶ್ವರಣ್ಣ,” ಎಂದು ಜತ್ತಪ್ಪ ದಡದಿಂದ ಕೂಗಿದ. “ಅಲ್ಲಿ ಮರಳು ಓಡ್ತದೆ. ಒಂದು ಹೆಜ್ಜೆ ಹಿಂದೆ ಬನ್ನಿ.”

ಪರಮೇಶ್ವರ ತಿರುಗಿ ನೋಡಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಕೂತು, ಮತ್ತೊಂದು ಹಿಡಿ ಮರಳು ತೆಗೆದುಕೊಂಡ.